ಅನುಮಾನ ರೋಗವೇನೋ?

ಗೆಳೆಯಾ,

ಮೊನ್ನೆ ಫೋನಿನಲ್ಲಿ "ಅನುಮಾನ ದೊಡ್ಡ ರೋಗ ಕಣೋ, ನಿನಗಂತೂ ಅದು ಹಳೇ ಕಾಯಿಲೆ" ಅಂದೆಯಲ್ಲ, ಸಿಟ್ಟು ಬಂದು ಫೋನಿಟ್ಟುಬಿಟ್ಟೆ. ಮಾತಿಗೆ ನಿಂತರೆ ಗೆಲ್ಲುವವನು ನೀನೇ. ಅದಕ್ಕೇ ಈ ಕಾಗದ.

ನಮ್ಮ ಬುಧವಾರದ ಸಂಜೆಗಳು ನೆನಪಿವೆಯಾ? ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸ, ಆಮೇಲೆ ಗಾಂಧಿಬಜಾರಿನಲ್ಲಿ ದೋಸೆ. (ನನಗೂ ದೋಸೆಯೇ ಮುಖ್ಯವಾಗಿತ್ತು, ಈಗ ಒಪ್ಪಿಕೊಳ್ಳುತ್ತೇನೆ.) 1962ರಲ್ಲಿ ಆ ಫೋರಂ ಶುರುಮಾಡಿದ ಎಚ್. ನರಸಿಂಹಯ್ಯನವರು ಮೊನ್ನೆಯಿಂದ ತಲೆಯಲ್ಲಿ ಕೂತಿದ್ದಾರೆ.

1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಅವರು ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ನಮ್ಮೆದುರು ನಿಮ್ಮ ಪವಾಡ ಮಾಡಿ ತೋರಿಸಿ ಎಂದು ಸತ್ಯಸಾಯಿಬಾಬಾ ಅವರಿಗೆ ಕಾಗದ ಬರೆದರು. ಉತ್ತರವಿಲ್ಲ. ಮತ್ತೆ ಬರೆದರು. ನನಗೆ ಹಿಡಿಸುವುದು ಆ ಕಾಗದ ಬರೆದ ರೀತಿ. ಅನುಮಾನ ಬಂದರೆ ನೇರ ಹೋಗಿ ಬಾಗಿಲು ತಟ್ಟಿ ಕೇಳಬೇಕು. ಅರಳಿಕಟ್ಟೆಯ ಮೇಲೆ ಕೂತು ಊರವರನ್ನೆಲ್ಲ ಅನುಮಾನಿಸುವವರು ಹಾಗೆ ಕೇಳುವುದೇ ಇಲ್ಲ; ಉತ್ತರ ಸಿಕ್ಕಿಬಿಟ್ಟರೆ ಅವರ ಸಂಜೆಯೇ ಹಾಳು! ನೀನು ರೋಗ ಅಂದದ್ದು ಅದನ್ನಾದರೆ ನನ್ನ ತಕರಾರಿಲ್ಲ.

ಆದರೆ ಅದೇ ನರಸಿಂಹಯ್ಯನವರು 1942ರಲ್ಲಿ ಓದು ಬಿಟ್ಟು ಜೈಲಿಗೆ ಹೋದವರು. ಅಮೆರಿಕದ ಒಹಾಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದ ಮೇಲೂ ಅದೇ ಖಾದಿ, ಅದೇ ಗಾಂಧಿಟೋಪಿ, ಕಾಲೇಜಿನ ಹಾಸ್ಟೆಲಿನಲ್ಲೇ ಒಂದು ಕೋಣೆ, ಕೊನೆಯವರೆಗೂ ಬ್ರಹ್ಮಚಾರಿ. "ಗಾಂಧಿಯನ್ನು ಯಾವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ನಂಬಿದರಂತೆ?" ಎಂದು ನೀನು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಯಾವ ಲ್ಯಾಬಿನಲ್ಲೂ ಇಲ್ಲ, ಮಾರಾಯ. ಅದು ನಂಬಿಕೆಯೇ. ಆದರೆ ಅದರ ಬೆಲೆಯನ್ನು ಅವರೇ ತೆತ್ತರು, ಬೇರೆಯವರ ಜೇಬಿಗೆ ಕೈ ಹಾಕಲಿಲ್ಲ. ಪವಾಡದ ವ್ಯಾಪಾರದಲ್ಲಿ ತೆರುವವನು ಯಾವಾಗಲೂ ನಂಬಿದವನೇ. ನಂಬಿಕೆ, ಅನುಮಾನ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಈಗಲೂ ಅನುಮಾನದ ಕಡೆಗೇ ನಿಲ್ಲುತ್ತೇನೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಅಮ್ಮನ ವಿಷಯ ಬರೆಯದೆ ತಪ್ಪಿಸಿಕೊಳ್ಳುತ್ತಿದ್ದೇನೆ ಅನ್ನಿಸಿತು. ನೀನು ರೇಗಿದ್ದೂ ಅದಕ್ಕೇ ತಾನೆ?

ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಮಾಡಿಸಿ ಅಂತ ಮೊದಲ ಡಾಕ್ಟರೇ ಹೇಳಿದ್ದರು. ನಾನು ಇನ್ನೊಬ್ಬರ ಹತ್ತಿರ ಓಡಿದೆ, ಅದೇ ಮಾತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಮೂರನೆಯವರನ್ನೂ ಕಂಡೆ. ನನಗೆ ಬೇಕಿದ್ದ ಉತ್ತರ ಯಾರಾದರೂ ಕೊಟ್ಟಾರು ಅಂತ ಅಲೆಯುತ್ತಿದ್ದೆನೇ ಹೊರತು ಅದು ಅನುಮಾನವಲ್ಲ, ಹೆದರಿಕೆ. ಆ ಮೂರು ವಾರ ರಾತ್ರಿಯೆಲ್ಲ ಹೊಟ್ಟೆ ಹಿಡಿದು ಎದ್ದು ಕೂರುತ್ತಿದ್ದವಳು ಅಮ್ಮ. ಬೆಲೆ ಅವಳು ತೆತ್ತಳು.

ಆಪರೇಷನ್ ಆಗಿ ಹತ್ತು ದಿನವಾಯಿತು. ನಿನ್ನೆ ಸಾರು ಚಪ್ಪೆ ಎಂದು ಗೊಣಗಿದಳು, ಅಂದರೆ ಹುಷಾರಾಗುತ್ತಿದ್ದಾಳೆ. ಡಾಕ್ಟರ ಕೈಗುಣ ಅಂತ ನಾನು, ತಿಮ್ಮಪ್ಪನ ದಯೆ ಅಂತ ಅವಳು. ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮನೆಯಲ್ಲಿಟ್ಟಿದ್ದಾಳೆ. ಮುಂದಿನ ತಿಂಗಳು ತಿರುಪತಿಗೆ ಕರೆದುಕೊಂಡು ಹೋಗಬೇಕು, ನೀನೂ ಬಾ, ಕಾರಿನಲ್ಲಿ ದಾರಿಯುದ್ದಕ್ಕೂ ಜಗಳವಾಡಬಹುದು. ಮುಡಿಪಿನಲ್ಲಿ ಎಷ್ಟಿದೆ ಅಂತ ನಾನಿನ್ನೂ ಬಿಚ್ಚಿ ನೋಡಿಲ್ಲ.

ನಿನ್ನ,
ಹಳೇ ರೋಗಿ