ಪಿನ್ನು ಹೊಂದಿದರೆ ಸಾಲದು, ವೋಲ್ಟೇಜೂ ಹೊಂದಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಬಂದ ಕೆರಿಬಿಯನ್ ದ್ವೀಪಗಳ ಲೇಖನ ಸೊಗಸಾಗಿತ್ತು. ಆದರೆ ಕೊನೆಯಲ್ಲಿ ವಿದ್ಯುತ್ತಿನ ವಿಷಯವನ್ನು ‘ಒಂದು ಯುನಿವರ್ಸಲ್ ಅಡಾಪ್ಟರ್ ಇಟ್ಟುಕೊಂಡರೆ ಸಾಕು’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುವುದನ್ನು ಒಪ್ಪಲಾಗದು. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅವರನ್ನು ನೋಡಲು ಹೋದ ತಂದೆ-ತಾಯಿ ಅಲ್ಲಿಂದಲೇ ಹಡಗಿನಲ್ಲೋ ವಿಮಾನದಲ್ಲೋ ಈ ದ್ವೀಪಗಳಿಗೆ ಹೋಗಿಬರುವುದು ಈಗ ಅಪರೂಪವೇನಲ್ಲ. ಅಂಥವರ ಸೂಟ್‌ಕೇಸಿನಲ್ಲಿ ಅರ್ಧ ಸಾಮಾನು ಇಲ್ಲಿ ಕೊಂಡದ್ದು, ಅರ್ಧ ಅಲ್ಲಿ ಕೊಂಡದ್ದು ಆಗಿರುತ್ತದೆ. ಎಚ್ಚರಿಕೆ ಬೇಕಾಗಿರುವುದು ಇಲ್ಲಿಯೇ.

ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ. ಗೋಡೆಯಿಂದ ಬರುವ ವೋಲ್ಟೇಜನ್ನು ಅದು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ (ಅಂದರೆ ಸೆಕೆಂಡಿಗೆ 50 ಆವರ್ತನ). ಜಮೈಕಾದಲ್ಲಿ 110 ವೋಲ್ಟ್, ಟ್ರಿನಿಡಾಡ್ ಮತ್ತು ಬಾರ್ಬಡೋಸ್‌ಗಳಲ್ಲಿ 115 ವೋಲ್ಟ್. ಈ ಮೂರೂ ಕಡೆ ಸಾಕೆಟ್ಟು ಅಮೆರಿಕದ ಚಪ್ಪಟೆ ಪಿನ್ನಿನದು. ಸೇಂಟ್ ಲೂಸಿಯಾ, ಗ್ರೆನಡಾಗಳಲ್ಲಿ ವೋಲ್ಟೇಜು ಹೆಚ್ಚುಕಡಿಮೆ ನಮ್ಮದೇ, ಆದರೆ ಸಾಕೆಟ್ಟು ಬ್ರಿಟನ್ನಿನ ಚೌಕ ಪಿನ್ನಿನದು. ಫ್ರಾನ್ಸಿಗೆ ಸೇರಿದ ಮಾರ್ಟಿನೀಕ್, ಗ್ವಾಡಲೂಪ್‌ಗಳಲ್ಲಿ 230 ವೋಲ್ಟ್ ಮತ್ತು ಯುರೋಪಿನ ದುಂಡು ಪಿನ್ನು. ಯಾವ ದೇಶ ಆಳಿತ್ತು ಎಂಬುದರ ಮೇಲೆ ಊಹಿಸುವಂತೆಯೂ ಇಲ್ಲ: 1966ರವರೆಗೆ ಬ್ರಿಟಿಷರ ಕೈಯಲ್ಲಿದ್ದ ಬಾರ್ಬಡೋಸ್‌ನಲ್ಲಿ ಬ್ರಿಟನ್ನಿನ ವೋಲ್ಟೇಜೂ ಇಲ್ಲ, ಪ್ಲಗ್ಗೂ ಇಲ್ಲ.

ಕ್ರಿಕೆಟ್ ಪ್ರಿಯರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. 2024ರ ಟಿ-20 ವಿಶ್ವಕಪ್ಪಿನಲ್ಲಿ ಭಾರತ ತಂಡ ಜೂನ್ 20ರಂದು ಬಾರ್ಬಡೋಸ್‌ನಲ್ಲಿ, 22ರಂದು ಆಂಟಿಗುವಾದಲ್ಲಿ, 24ರಂದು ಸೇಂಟ್ ಲೂಸಿಯಾದಲ್ಲಿ ಆಡಿತು. ಆ ಐದೇ ದಿನಗಳಲ್ಲಿ ತಂಡದ ಹಿಂದೆ ಹೋದ ಅಭಿಮಾನಿಯೊಬ್ಬ ಮೂರು ಬಗೆಯ ವಿದ್ಯುತ್ ಪೂರೈಕೆಯನ್ನು ದಾಟಿರುತ್ತಾನೆ. ಇವುಗಳಲ್ಲಿ ಹೆಚ್ಚು ಮೋಸ ಮಾಡುವುದು ಆಂಟಿಗುವಾ. ಅಲ್ಲಿಯ ಸಾಕೆಟ್ಟು ಅಮೆರಿಕದ್ದು, ವೋಲ್ಟೇಜು ಮಾತ್ರ 230, ಅದೂ 60 ಹರ್ಟ್ಸ್. ಅಮೆರಿಕದ ಮಗಳ ಮನೆಯಿಂದ ತಂದ 120 ವೋಲ್ಟಿನ ಹೇರ್ ಡ್ರೈಯರ್ ಅಡಾಪ್ಟರಿನ ಹಂಗಿಲ್ಲದೆ ಆ ಸಾಕೆಟ್ಟಿನಲ್ಲಿ ನೀಟಾಗಿ ಕೂರುತ್ತದೆ. ಕೂತಿತಲ್ಲ ಎಂದು ಸ್ವಿಚ್ ಒತ್ತಿದರೆ, ಅದರೊಳಗಿನ, ಬಿಸಿ ಮಾಡುವ 1,500 ವ್ಯಾಟಿನ ಕಾಯಿಲ್ ಐದು ಸಾವಿರಕ್ಕೂ ಹೆಚ್ಚು ವ್ಯಾಟ್ ಎಳೆಯಲು ಹೋಗಿ ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ. ಅಲ್ಲಿಯ ಕೆಲವು ಹೋಟೆಲುಗಳು 110 ವೋಲ್ಟ್ ಕೊಡುವುದೂ ಉಂಟು. ಆದ್ದರಿಂದ ಆಂಟಿಗುವಾದಲ್ಲಿ ಕೋಣೆಯ ಕೀಲಿ ಪಡೆಯುವಾಗಲೇ ವೋಲ್ಟೇಜನ್ನು ಕೇಳಿಕೊಳ್ಳುವುದು ಲೇಸು.

ಇದಕ್ಕೆ ತದ್ವಿರುದ್ಧವಾಗಿ, ನಮ್ಮ 230 ವೋಲ್ಟಿನ ಸಾಮಾನನ್ನು 115 ವೋಲ್ಟಿನ ದ್ವೀಪಕ್ಕೆ ಒಯ್ದಾಗ ಅಪಾಯಕ್ಕಿಂತ ನಿರಾಸೆಯೇ ಹೆಚ್ಚು. ಅವಲಕ್ಕಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುವ ನಮ್ಮ ಮಂದಿ ಚಹಾಕ್ಕೆಂದು ಕೆಟಲ್ಲನ್ನೂ ಒಯ್ಯುತ್ತಾರೆ. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ (ವೋಲ್ಟೇಜು ಅರ್ಧವಾದರೆ ಶಾಖ ಕಾಲು ಭಾಗವಾಗುತ್ತದೆ), ಇಲ್ಲಿ 1,500 ವ್ಯಾಟ್ ಕೊಡುವ ಕೆಟಲ್ 115 ವೋಲ್ಟಿನಲ್ಲಿ ಕೇವಲ 375 ವ್ಯಾಟ್ ಕೊಡುತ್ತದೆ. ಇಲ್ಲಿ ಮೂರೂವರೆ ನಿಮಿಷಕ್ಕೆ ಕುದಿಯುವ ಒಂದು ಲೀಟರ್ ನೀರಿಗೆ ಅಲ್ಲಿ ಹದಿನಾಲ್ಕು ನಿಮಿಷವಾದರೂ ಬೇಕು. ಮಿಕ್ಸರ್ ಹಾಗಲ್ಲ, ಅರ್ಧ ವೋಲ್ಟೇಜಿನಲ್ಲಿ ಮೋಟಾರು ತಿರುಗಲು ತಿಣುಕಿ ಬಿಸಿಯಾಗುತ್ತದೆ, ಹಟ ಹಿಡಿದು ಹಾಗೇ ಬಿಟ್ಟರೆ ಕೆಟ್ಟೇಹೋಗುತ್ತದೆ. ಎರಡು ವಾರದ ಪ್ರವಾಸಕ್ಕೆ ಮಿಕ್ಸರ್ ಏಕೆ ಎಂದು ಕೇಳುವವರು ನಮ್ಮ ಹಿರಿಯರೊಡನೆ ಪ್ರಯಾಣ ಮಾಡಿರಲಿಕ್ಕಿಲ್ಲ.

ಫೋನು, ಲ್ಯಾಪ್‌ಟಾಪು, ಕ್ಯಾಮೆರಾಗಳ ಚಾರ್ಜರುಗಳಿಗೆ ಈ ಗೋಳಿಲ್ಲ. ಅವುಗಳ ಬೆನ್ನ ಮೇಲೆ ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ‘ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಸ್’ ಎಂದಿರುತ್ತದೆ. ಹೀಗಿದ್ದರೆ ಎಲ್ಲ ದ್ವೀಪಗಳಲ್ಲೂ ಅಡಾಪ್ಟರ್ ಒಂದೇ ಸಾಕು. ‘220-240 ವೋಲ್ಟ್’ ಎಂದಷ್ಟೇ ಇದ್ದರೆ ಜಮೈಕಾ, ಬಾರ್ಬಡೋಸ್‌ಗಳಿಗೆ ಅದನ್ನು ಒಯ್ಯಬಾರದು. ‘120 ವೋಲ್ಟ್’ ಎಂದಷ್ಟೇ ಇದ್ದರೆ ಸೇಂಟ್ ಲೂಸಿಯಾಕ್ಕೆ ಒಯ್ಯಬಾರದು. ಕೊಪ್ಪಿಕರ ರಸ್ತೆಯಲ್ಲಾಗಲಿ ದುರ್ಗದಬೈಲಿನಲ್ಲಾಗಲಿ ಅಡಾಪ್ಟರ್ ಕೊಳ್ಳುವಾಗ ಅದರ ಆಂಪಿಯರನ್ನೂ ನೋಡಬೇಕು. 6 ಆಂಪಿಯರಿನ ಅಡಾಪ್ಟರ್ ನಮ್ಮಲ್ಲಿ 1,380 ವ್ಯಾಟ್ ತಾಳಿದರೆ, 115 ವೋಲ್ಟಿನ ದ್ವೀಪದಲ್ಲಿ ಅದರ ಮಿತಿ 690 ವ್ಯಾಟ್. ಇಂಥ ಅಡಾಪ್ಟರುಗಳಲ್ಲಿ ಬಹಳಷ್ಟಕ್ಕೆ ಅರ್ಥಿಂಗ್ ಸಂಪರ್ಕವೇ ಇರುವುದಿಲ್ಲವಾದ್ದರಿಂದ, ಲೋಹದ ಮೈಯ ಇಸ್ತ್ರಿ ಪೆಟ್ಟಿಗೆ, ಕೆಟಲ್ಲುಗಳನ್ನು ಅವುಗಳಿಗೆ ಸಿಕ್ಕಿಸುವುದು ತರವಲ್ಲ.

ದುಬೈ, ಲಂಡನ್ ಕಂಡು ಬಂದವರಲ್ಲಿ ಒಂದು ಕೆಟ್ಟ ರೂಢಿ ಇದೆ. ಬ್ರಿಟಿಷ್ ಸಾಕೆಟ್ಟಿನ ಕೆಳಗಿನ ಎರಡು ರಂಧ್ರಗಳಿಗೆ ಒಳಗೆ ಮುಚ್ಚಳವಿರುತ್ತದೆ. ಮೇಲಿನ ಉದ್ದನೆಯ ಅರ್ಥ್ ಪಿನ್ನು ಒಳಗೆ ಹೋದಾಗ ಮಾತ್ರ ಅದು ತೆರೆಯುತ್ತದೆ. ನಮ್ಮವರು ಮೇಲಿನ ರಂಧ್ರಕ್ಕೆ ಪೆನ್ನನ್ನೋ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೋ ತೂರಿಸಿ, ಮುಚ್ಚಳ ತೆರೆಸಿ, ಎರಡು ಪಿನ್ನಿನ ಚಾರ್ಜರನ್ನು ಒತ್ತಿಬಿಡುತ್ತಾರೆ. ಚೌಕ ಪಿನ್ನಿಗೆಂದು ಮಾಡಿದ ಹಿಡಿತದಲ್ಲಿ ದುಂಡು ಪಿನ್ನು ಸಡಿಲವಾಗಿ ನಿಂತು ಕಿಡಿ ಹಾರುತ್ತದೆ, ಸಾಕೆಟ್ಟು ಬಿಸಿಯಾಗುತ್ತದೆ. ಸೇಂಟ್ ಲೂಸಿಯಾದ ಹೋಟೆಲಿನಲ್ಲಿ ಈ ಜಾಣತನ ಮಾಡುವ ಬದಲು ಇಲ್ಲಿಂದಲೇ ಒಂದು ಸರಿಯಾದ ಅಡಾಪ್ಟರ್ ಒಯ್ಯುವುದು ಒಳ್ಳೆಯದು. ಹಡಗಿನಲ್ಲಿ ಹೋಗುವವರ ಮಾತೇ ಬೇರೆ. ಅಲ್ಲಿ ಕೆಟಲ್, ಇಸ್ತ್ರಿ ಪೆಟ್ಟಿಗೆ, ಸರ್ಜ್ ರಕ್ಷಣೆಯ (ವೋಲ್ಟೇಜು ಹಠಾತ್ತನೆ ಏರಿದರೆ ಕಾಪಾಡುವ) ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದೇ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು: ವಿದೇಶ ಪ್ರವಾಸದ ಲೇಖನಗಳಲ್ಲಿ ವೀಸಾ, ಹವಾಮಾನಗಳ ಜೊತೆಗೆ ಆ ಸ್ಥಳದ ವೋಲ್ಟೇಜು, ಹರ್ಟ್ಸ್, ಪ್ಲಗ್ಗಿನ ಆಕಾರಗಳನ್ನೂ ಹೆಸರಿಸಿ ಅಚ್ಚು ಮಾಡಿಸಿರಿ. ‘ಕೆರಿಬಿಯನ್’ ಎಂದು ಒಟ್ಟಾಗಿ ಹೇಳದೆ, ದ್ವೀಪದ ಹೆಸರು ಹಿಡಿದೇ ಹೇಳಬೇಕು.

ಉಬ್ಬಸದವರ ಬಗ್ಗೆ ಮಾತ್ರ ಇನ್ನೊಂದು ಮಾತನ್ನು ಸೇರಿಸಲೇಬೇಕಾಗಿದೆ. ಔಷಧವನ್ನು ಉಸಿರಿನೊಡನೆ ಒಳಗೆ ಕಳಿಸುವ ಯಂತ್ರಗಳಾದ ಕಂಪ್ರೆಸರ್ ನೆಬ್ಯುಲೈಸರುಗಳಲ್ಲಿ ನಮ್ಮಲ್ಲಿ ಮಾರಾಟವಾಗುವ ಹಲವು 230 ವೋಲ್ಟ್, 50 ಹರ್ಟ್ಸ್‌ಗೆ ಮಾತ್ರ ಮಾಡಿದವು. 115 ವೋಲ್ಟಿನಲ್ಲಿ ಅವು ಔಷಧವನ್ನು ಮಂಜಾಗಿಸುವಷ್ಟು ಗಾಳಿ ತಳ್ಳುವುದಿಲ್ಲ. ಅಂಥವರು ಊರು ಬಿಡುವ ಮೊದಲೇ ಯಂತ್ರದ ತಳದ ಲೇಬಲ್ ಓದಿಕೊಂಡು, ಅಗತ್ಯವಿದ್ದರೆ ವೈದ್ಯರನ್ನು ಕೇಳಿ ಬ್ಯಾಟರಿಯಿಂದ ನಡೆಯುವ ನೆಬ್ಯುಲೈಸರನ್ನು ಹೊಂದಿಸಿಕೊಂಡು, ಅದನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐ.ಟಿ.ಐ. ಬೋಧಕ (ಎಲೆಕ್ಟ್ರಿಷಿಯನ್ ವಿಭಾಗ),
ವಿದ್ಯಾನಗರ, ಹುಬ್ಬಳ್ಳಿ