ಕಾರ್ಟೂನ್ ಹುಡುಗಿಯರ ಸೊಂಟ

ಮಾನ್ಯ ಸಂಪಾದಕರೇ,

ರಜೆಯಲ್ಲಿ ಮಗಳ ಜೊತೆ ಕೂತು ಕಾರ್ಟೂನ್ ನೋಡುತ್ತಿದ್ದೆ. 'ಅಮ್ಮ, ಇವಳ ಸೊಂಟ ಕತ್ತಿನಷ್ಟೇ ಇದೆ' ಎಂದಳು. ನಿಜ ಅಲ್ವಾ?

1930ರಲ್ಲಿ ಬಂದ ಅಮೆರಿಕದ ಕಾರ್ಟೂನ್ ಹುಡುಗಿ ಬೆಟ್ಟಿ ಬೂಪ್‌ಗೆ ಗಿಡ್ಡ ಲಂಗ. 1934ರಲ್ಲಿ ಅಮೆರಿಕದ ಸಿನಿಮಾ ನಿಯಮ ಬಿಗಿಯಾದ ಮೇಲೆ ಲಂಗ ಉದ್ದವಾಯಿತು. ಆದರೆ 1989ರ 'ದಿ ಲಿಟಲ್ ಮರ್ಮೇಡ್' ಚಿತ್ರದ ಮತ್ಸ್ಯಕನ್ಯೆ ಏರಿಯಲ್‌ ಸೊಂಟವೂ ಒಂದು ಹಿಡಿಯಷ್ಟೇ! 2012ರ 'ಬ್ರೇವ್' ಚಿತ್ರದ ರಾಜಕುಮಾರಿ ಮೆರಿಡಾಗೆ ಕೆದರಿದ ಕೂದಲು, ದುಂಡು ಮುಖ. ಮರುವರ್ಷವೇ ಡಿಸ್ನಿ ಕಂಪನಿಯವರು ಅವಳನ್ನು ತೆಳ್ಳಗೆ ಮಾಡಿ ಮಿಂಚುವ ಬಟ್ಟೆ ತೊಡಿಸಿದರು. ಅದನ್ನು ವಿರೋಧಿಸಿ 2 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಓದಿ ಖುಷಿಯಾಯಿತು.

2016ರ 'ಮೊವಾನಾ' ಚಿತ್ರದ ನಾಯಕಿ ಮೊವಾನಾಳ ಕೈಕಾಲು ಗಟ್ಟಿ. ನಮ್ಮ ಟೊಮೆಟೊ ತೋಟಗಳಲ್ಲಿ ಕ್ರೇಟ್ ಎತ್ತುವ ಹೆಣ್ಣುಮಕ್ಕಳ ಹಾಗೆ. ನಮ್ಮ ಕಾರ್ಟೂನ್ ಕಲಾವಿದರೂ ಒಮ್ಮೆ ಇಲ್ಲಿಗೆ ಬಂದು ಇವರನ್ನು ನೋಡಿ ಚಿತ್ರ ಬರೆಯಲಿ.

– ಒಬ್ಬ ತಾಯಿ, ಕೋಲಾರ