‘ಫೈನ್ ಬಿತ್ತು’ ಎನ್ನುವ ಮಾತು ಮತ್ತು ಅದರ ಹಿಂದಿನ ಸಿಟ್ಟು

ಮಾನ್ಯ ಸಂಪಾದಕರೇ,

ಅತಿವೇಗಕ್ಕೆ ದಂಡ ಕಟ್ಟಿ ಬಂದವರು ಅದನ್ನು ಮನೆಯಲ್ಲಿ, ಕಚೇರಿಯಲ್ಲಿ, ಹೋಟೆಲಿನ ಮೇಜಿನ ಮುಂದೆ ಹೇಳಿಕೊಳ್ಳುವ ಬಗೆಯನ್ನು ಕೆಲವು ವರ್ಷಗಳಿಂದ ಗಮನವಿಟ್ಟು ಕೇಳುತ್ತಿದ್ದೇನೆ. ‘ಪೊಲೀಸರು ಹಿಡಿದರು’, ‘ಫೈನ್ ಬಿತ್ತು’, ‘ಕೇಸ್ ಹಾಕಿಬಿಟ್ಟರು’ ಎನ್ನುತ್ತಾರೆ. ಈ ಯಾವ ವಾಕ್ಯದಲ್ಲೂ ‘ನಾನು’ ಎಂಬ ಪದ ಬರುವುದಿಲ್ಲ. ಬೆಳೆಯ ಮೇಲೆ ಆಲಿಕಲ್ಲು ಬಿದ್ದಂತೆ ದಂಡವೂ ಮೇಲಿನಿಂದ ಬಿತ್ತು, ಅದಕ್ಕೂ ವಾಹನ ಓಡಿಸುತ್ತಿದ್ದವನಿಗೂ ಸಂಬಂಧವೇ ಇಲ್ಲ ಎಂಬಂತೆ ಮಾತು ಸಾಗುತ್ತದೆ, ಮತ್ತು ಆ ಮಾತಿನ ಕೊನೆಯಲ್ಲಿ ಸಿಟ್ಟೆಲ್ಲ ರಸ್ತೆಯ ಪಕ್ಕದಲ್ಲಿ ನಿಂತಿದ್ದ ಖಾಕಿಯವನ ಮೇಲೆ ಹೋಗುತ್ತದೆ. ನಾನೂ ಹೀಗೆಯೇ ಮಾತಾಡಿದವನು. ಆ ಸಿಟ್ಟಿನಲ್ಲಿ ನ್ಯಾಯವಾದದ್ದು ಎಷ್ಟು, ಅಲ್ಲದ್ದು ಎಷ್ಟು ಎಂದು ಬಿಡಿಸಿ ನೋಡುವುದು ಅಗತ್ಯವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಚನ್ನರಾಯಪಟ್ಟಣದ ಕಡೆಯಿಂದ ಹಾಸನಕ್ಕೆ ಬರುತ್ತಿದ್ದೆ. ಫಲಕದಲ್ಲಿ 80 ಎಂದಿದ್ದ ಕಡೆ ನನ್ನ ಕಾರನ್ನು ನಿಲ್ಲಿಸಿದರು. ಕೆಳಗಿಳಿದವನೇ ನಾನು ಆಡಿದ ಮೊದಲ ಮಾತು, ‘ಈಗಷ್ಟೇ ಹೋದ ಟ್ಯಾಂಕರ್ ನನಗಿಂತ ಜೋರಾಗಿತ್ತಲ್ಲ, ಅದನ್ನೇಕೆ ಬಿಟ್ಟಿರಿ?’ ಎಂಬುದು. ಆ ಸಬ್‌ಇನ್‌ಸ್ಪೆಕ್ಟರ್ ನನ್ನ ಮಗನ ವಯಸ್ಸಿನವರು. ಅವರು ಸಿಟ್ಟಾಗಲಿಲ್ಲ, ವಾದಕ್ಕೂ ಇಳಿಯಲಿಲ್ಲ. ‘ಬನ್ನಿ ಸಾರ್, ನೋಡಿ’ ಎಂದು ಯಂತ್ರದ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಕಾರಿನ ಚಿತ್ರ, ನಂಬರು, ಗಂಟೆ, ನಿಮಿಷ, ಪಕ್ಕದಲ್ಲಿ 97 ಎಂಬ ಅಂಕಿ. ಸಾವಿರ ರೂಪಾಯಿ ಕಟ್ಟಿ ರಸೀದಿ ಪಡೆದು ಬಂದೆ. ಆದರೂ ಎರಡು ದಿನ ಸಿಟ್ಟು ಇಳಿಯಲಿಲ್ಲ. ‘ದುಡ್ಡು ಮಾಡೋಕೆ ನಿಂತಿದ್ದಾರೆ’ ಎಂದು ಸಿಕ್ಕವರ ಬಳಿಯೆಲ್ಲ ಹೇಳಿದೆ. ಒಂದು ವಾರದ ಬಳಿಕ, ನನ್ನ ಹೆಂಡತಿ ‘ಎಷ್ಟು ಸ್ಪೀಡಲ್ಲಿ ಇದ್ರಿ?’ ಎಂದು ಕೇಳಿದಾಗಲೇ ಗೊತ್ತಾದದ್ದು, ಅಷ್ಟು ಮಂದಿಗೆ ಅಷ್ಟು ಸಲ ಹೇಳಿದ ಕಥೆಯಲ್ಲಿ ಆ 97ನ್ನು ನಾನು ಒಮ್ಮೆಯೂ ಹೇಳಿರಲಿಲ್ಲ.

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನಿಗೆ ಆ ಅಂಕಿಯ ಅರ್ಥ ಗೊತ್ತಿರಬೇಕಿತ್ತು. ಗಂಟೆಗೆ 80 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ, 97ರಲ್ಲಿ ಸುಮಾರು 27 ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರವಾದರೋ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 80ರಲ್ಲಿ ಬೇಕಾಗುವುದರ ಹೆಚ್ಚುಕಡಿಮೆ ಒಂದೂವರೆ ಪಟ್ಟು ದೂರ 97ರಲ್ಲಿ ಬೇಕು. ‘ಹದಿನೇಳು ಕಿಲೋಮೀಟರ್ ತಾನೇ ಜಾಸ್ತಿ’ ಎನ್ನುವವರಿಗೆ ಈ ಲೆಕ್ಕ ತಲುಪಿರುವುದಿಲ್ಲ. ನಮ್ಮ ಚತುಷ್ಪಥ ಹೆದ್ದಾರಿಗಳು ಊರುಗಳನ್ನು ಎರಡಾಗಿ ಸೀಳಿಕೊಂಡು ಹೋಗಿವೆ. ಮನೆ ಈ ಕಡೆ, ಹೊಲ ಆ ಕಡೆ, ಹಾಲಿನ ಡೇರಿ ಮತ್ತೊಂದು ಕಡೆ. ಬೆಳಿಗ್ಗೆ, ಸಂಜೆ ಹಾಲಿನ ಕ್ಯಾನ್ ಹಿಡಿದು ರಸ್ತೆ ದಾಟಲು ಕಾಯುವ ಹೆಂಗಸರು ದೂರದಿಂದ ಬರುವ ಕಾರನ್ನು ನೋಡಿ ‘ಇಷ್ಟರೊಳಗೆ ದಾಟಬಹುದು’ ಎಂದು ಮನಸ್ಸಿನಲ್ಲೇ ಅಂದಾಜು ಮಾಡುತ್ತಾರೆ. ಫಲಕದಲ್ಲಿರುವ ವೇಗವನ್ನು ನಂಬಿಯೇ ಅವರ ಅಂದಾಜು ನಡೆಯುವುದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅದರಲ್ಲಿ ನೂರಕ್ಕೆ 71ಕ್ಕೂ ಹೆಚ್ಚು ಸಾವುಗಳು ಅತಿವೇಗದ ಲೆಕ್ಕಕ್ಕೆ ಸೇರಿದವು.

ಇಷ್ಟು ಹೇಳಿದ ಮೇಲೆ, ಚಾಲಕರ ಸಿಟ್ಟಿನಲ್ಲಿ ನ್ಯಾಯವಾದ ಭಾಗವನ್ನೂ ಅಷ್ಟೇ ನೇರವಾಗಿ ಹೇಳಬೇಕು. ಈ ಘಟನೆಗೂ ಹಲವು ವರ್ಷ ಮೊದಲು ಮತ್ತೊಂದು ಊರಿನ ಹೊರವಲಯದಲ್ಲಿ ನನ್ನನ್ನು ಇದೇ ಕಾರಣಕ್ಕೆ ನಿಲ್ಲಿಸಿದ್ದರು. ಅಲ್ಲಿ ವೇಗಮಿತಿಯ ಫಲಕ ಇರಲಿಲ್ಲ. ಯಂತ್ರವೂ ಕಾಣಲಿಲ್ಲ. ‘ಸ್ಪೀಡ್ ಜಾಸ್ತಿ ಇತ್ತು’ ಎಂದರು; ಎಷ್ಟಿತ್ತು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ‘ರಸೀದಿ ಬೇಡ ಅಂದ್ರೆ ಅರ್ಧ ಕೊಟ್ಟು ಹೋಗಿ’ ಎಂದು ಪಕ್ಕದಲ್ಲಿದ್ದವರು ಸೂಚಿಸಿದರು. ನಾನು ಅರ್ಧ ಕೊಟ್ಟು ಹೊರಟೆ, ಅದು ನನ್ನ ತಪ್ಪು, ಇವತ್ತಿಗೂ ಅದರ ಬಗ್ಗೆ ನಾಚಿಕೆಯಿದೆ. ಆದರೆ ರಸ್ತೆಬದಿಯ ಆ ಎರಡು ನಿಮಿಷದಲ್ಲಿ ಪೊಲೀಸರ ಬಗ್ಗೆ ನನ್ನಲ್ಲಿ ಮೂಡಿದ ಅಭಿಪ್ರಾಯ ಹತ್ತಾರು ವರ್ಷ ಉಳಿಯಿತು. ಹೆದ್ದಾರಿಯಲ್ಲಿ ಆ ತರುಣ ಅಧಿಕಾರಿ ತಾಳ್ಮೆಯಿಂದ ಪರದೆ ತೋರಿಸಿದಾಗಲೂ ನಾನು ಸಿಟ್ಟಾದದ್ದು ಅವರ ಮೇಲಲ್ಲ, ಹಿಂದೆ ಕಂಡ ಆ ಮನುಷ್ಯರ ಮೇಲೆ. ಒಬ್ಬ ಕೈಚಾಚಿದರೆ ಅದರ ಬಡ್ಡಿಯನ್ನು ಪ್ರಾಮಾಣಿಕವಾಗಿ ಬಿಸಿಲಲ್ಲಿ ನಿಂತ ಹತ್ತು ಮಂದಿ ತೆರುತ್ತಾರೆ ಎಂಬುದನ್ನು ಇಲಾಖೆಯ ಹಿರಿಯರು ಗಂಭೀರವಾಗಿ ತೆಗೆದುಕೊಳ್ಳಬೇಕು.

ಕಾನೂನು ಈ ವಿಷಯದಲ್ಲಿ ಚಾಲಕನ ಪರವಾಗಿಯೂ ಇದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಅತಿವೇಗಕ್ಕೆ ದಂಡ ವಿಧಿಸುತ್ತದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಲಾರಿ ಬಸ್ಸುಗಳಿಗೆ 2,000ದಿಂದ 4,000 ರೂಪಾಯಿ ಎಂದು ನಿಗದಿ ಮಾಡಿತು. ಆದರೆ ಅದೇ ಸೆಕ್ಷನ್‌, ಒಬ್ಬ ಸಾಕ್ಷಿಯ ‘ನನಗೆ ಹಾಗನ್ನಿಸಿತು’ ಎಂಬ ಅಭಿಪ್ರಾಯವೊಂದನ್ನೇ ನಂಬಿ ಯಾರನ್ನೂ ಅತಿವೇಗದ ಅಪರಾಧಿ ಎನ್ನುವಂತಿಲ್ಲ, ಆ ಅಭಿಪ್ರಾಯಕ್ಕೆ ಉಪಕರಣದ ಅಳತೆಯ ಆಧಾರ ಇರಬೇಕು ಎಂದೂ ಹೇಳುತ್ತದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ 167ಎ ನಿಯಮದಂತೆ, ಇಂಥ ಉಪಕರಣಗಳಿಂದ ನಿಗಾ ಇಡುವ ರಸ್ತೆಯ ಭಾಗಕ್ಕೆ ಮೊದಲೇ ಕಣ್ಣಿಗೆ ಕಾಣುವಂತೆ ಎಚ್ಚರಿಕೆಯ ಫಲಕ ಇಡಬೇಕು, ಉಪಕರಣದ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ದಂಡ ತಪ್ಪೆಂದು ಅನ್ನಿಸಿದರೆ ಸ್ಥಳದಲ್ಲಿ ಕಟ್ಟದೆ ಅದನ್ನು ಪ್ರಶ್ನಿಸುವ ಹಕ್ಕೂ ನಮಗಿದೆ. ಹೀಗಿರುವಾಗ ಚಾಲಕ ಕೇಳಬೇಕಾದ ಪ್ರಶ್ನೆ ‘ನಾನು ಯಾರು ಗೊತ್ತಾ?’ ಎಂಬುದಲ್ಲ, ‘ಅಳತೆ ತೋರಿಸಿ, ರಸೀದಿ ಕೊಡಿ’ ಎಂಬುದು. ಇಷ್ಟನ್ನು ಮೆಲುದನಿಯಲ್ಲಿ ಕೇಳಿದರೆ ಸಾಕು. ಸ್ಥಳೀಯ ಮುಖಂಡರಿಗೆ ಫೋನ್ ಹಚ್ಚಿ, ಅದನ್ನು ಕಾನ್‌ಸ್ಟೇಬಲ್ ಕಿವಿಗೆ ಹಿಡಿಯುವವರನ್ನು ಕಂಡಾಗ, ಆ ಕಾನ್‌ಸ್ಟೇಬಲ್ ಮುಖವನ್ನು ಒಮ್ಮೆ ನೋಡಿ ಎಂದು ನನ್ನ ಓದುಗ ಬಂಧುಗಳಲ್ಲಿ ಬೇಡಿಕೊಳ್ಳುತ್ತೇನೆ. ಅವನೂ ನಮ್ಮದೇ ತಾಲ್ಲೂಕಿನ ಯಾವುದೋ ರೈತನ ಮಗ.

ನಮ್ಮ ಕಡೆ ಒಂದು ಅಭ್ಯಾಸ ಬೇರೂರಿದೆ. ಮುಂದೆ ಪೊಲೀಸರು ನಿಂತಿದ್ದರೆ, ದಾಟಿ ಬಂದವರು ಎದುರಿನ ವಾಹನಗಳಿಗೆ ಹೆಡ್‌ಲೈಟ್ ಮಿನುಗಿಸುತ್ತಾರೆ. ಈಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಬೇಲೂರು ರೋಡಲ್ಲಿ ನಿಂತಿದ್ದಾರೆ’ ಎಂದು ಸುದ್ದಿ ಓಡುತ್ತದೆ. ಗುರುತಿಲ್ಲದವನಿಗೂ ಉಪಕಾರ ಮಾಡುವ ಈ ಸೌಜನ್ಯ ಕೆಟ್ಟದ್ದಲ್ಲ. ಆದರೆ ಅದರಿಂದ ಏನಾಗುತ್ತದೆ ಎಂದು ನಾನು ನೋಡಿದ್ದೇನೆ: ಲೈಟು ಕಂಡವನು ಅರ್ಧ ಕಿಲೋಮೀಟರ್ ಮೆಲ್ಲಗೆ ಹೋಗಿ, ಖಾಕಿ ದಾಟಿದೊಡನೆ ಕಳೆದ ಸಮಯವನ್ನು ಹಿಂದಕ್ಕೆ ಪಡೆಯುವವನಂತೆ ಮತ್ತಷ್ಟು ವೇಗ ಹೆಚ್ಚಿಸುತ್ತಾನೆ. ಮುಂದಿನ ಊರಿನ ಶಾಲೆಯ ಬಳಿ ಮಕ್ಕಳು ರಸ್ತೆ ದಾಟುತ್ತಿದ್ದರೆ ಅಲ್ಲಿ ಲೈಟು ಮಿನುಗಿಸಿ ಎಚ್ಚರಿಸುವವರು ಯಾರೂ ಇಲ್ಲ.

ಪಕ್ಷಪಾತದ ದೂರೂ ಇದೆ. ಚಿಕ್ಕಮಗಳೂರಿನಲ್ಲಿರುವ ನನ್ನ ತಂಗಿಯ ಮನೆಗೆ ಹೋದಾಗ, ‘ವಾರದ ಕೊನೆಗೆ ಮುಳ್ಳಯ್ಯನಗಿರಿಗೆ ಬರುವ ಬೆಂಗಳೂರಿನ ಕಾರುಗಳು ಹಾರಿಕೊಂಡು ಹೋದರೂ ಬಿಡುತ್ತಾರೆ, ಕಾಫಿ ತೋಟದಿಂದ ಪಿಕಪ್‌ನಲ್ಲಿ ಬರುವ ನಮ್ಮನ್ನೇ ಹಿಡಿಯುತ್ತಾರೆ’ ಎಂದು ಅಲ್ಲಿನವರು ಹೇಳುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು, ‘ಹೊರಗಿನ ಗಾಡಿ ಎಂದು ಗೊತ್ತಾದರೆ ಸಾಕು, ಚಿಕ್ಕಮಗಳೂರು, ಮೂಡಿಗೆರೆ ಕಡೆ ನಮ್ಮನ್ನೇ ಹಿಡಿಯುತ್ತಾರೆ’ ಎನ್ನುತ್ತಾರೆ. ಎರಡೂ ಕಡೆಯವರು ಇದನ್ನು ಮನಸಾರೆ ನಂಬಿ ಹೇಳುತ್ತಾರೆ. ಸಿಕ್ಕಿಬಿದ್ದವನಿಗೆ ತಪ್ಪಿಸಿಕೊಂಡ ಇನ್ನೊಬ್ಬ ಯಾವಾಗಲೂ ಕಾಣುತ್ತಾನೆ ಎಂಬುದಕ್ಕಿಂತ ಹೆಚ್ಚಿನ ಸಾಕ್ಷ್ಯ ನನಗೆ ಇದರಲ್ಲಿ ಕಂಡಿಲ್ಲ.

ಸರ್ಕಾರದ ಪಾಲೂ ಇದರಲ್ಲಿ ಸಣ್ಣದಲ್ಲ. ಬಾಕಿ ಉಳಿದ ಸಂಚಾರ ದಂಡಗಳಿಗೆ 2023ರ ಫೆಬ್ರುವರಿಯಲ್ಲಿ ಶೇ 50ರಷ್ಟು ರಿಯಾಯಿತಿ ಕೊಟ್ಟರು, 2025ರ ಆಗಸ್ಟ್‌ನಲ್ಲಿ ಮತ್ತೆ ಕೊಟ್ಟರು. ಬಾಕಿ ವಸೂಲಿಗೆ ಇದು ಸುಲಭದ ದಾರಿಯಿರಬಹುದು. ಆದರೆ ಸ್ಥಳದಲ್ಲೇ ತಲೆಬಾಗಿ ಪೂರ್ತಿ ಕಟ್ಟಿದವನಿಗೆ ‘ನೀನೇ ಮೋಸಹೋದೆ’ ಎಂದೂ, ಕಟ್ಟದೆ ಕೂತವನಿಗೆ ‘ನೀನೇ ಬುದ್ಧಿವಂತ’ ಎಂದೂ ಸರ್ಕಾರವೇ ಹೇಳಿದಂತಾಯಿತು. ಆಷಾಢದ ಸೀರೆಯಂತೆ ದಂಡವೂ ರಿಯಾಯಿತಿಗೆ ಬರುತ್ತದೆ ಎಂದಾದ ಮೇಲೆ, ಅದು ಜೀವ ಉಳಿಸುವ ಕ್ರಮ ಎಂಬ ಮಾತನ್ನು ಜನ ಹೇಗೆ ನಂಬಬೇಕು? ‘ದುಡ್ಡಿಗಾಗಿ ನಿಂತಿದ್ದಾರೆ’ ಎಂಬ ಹಳೆಯ ಆರೋಪಕ್ಕೆ ಇದರಿಂದ ಹೊಸ ಬಲ ಬಂದಿದೆ, ಅದರ ಬಿಸಿ ತಟ್ಟುವುದು ಮಾತ್ರ ವಿಧಾನಸೌಧಕ್ಕಲ್ಲ, ರಸ್ತೆಯಲ್ಲಿ ನಿಂತವರಿಗೆ.

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಪೊಲೀಸರು ಬೈಕ್ ತಡೆದ ಸಂದರ್ಭದಲ್ಲಿ, ಆಸ್ಪತ್ರೆಗೆ ಹೊರಟಿದ್ದ ದಂಪತಿಯ ಪುಟ್ಟ ಮಗು ರಸ್ತೆಗೆ ಬಿದ್ದು ಸತ್ತದ್ದನ್ನು ಯಾರೂ ಮರೆತಿಲ್ಲ. ಅದರ ನಂತರ ರಾಜ್ಯದ ಪೊಲೀಸ್ ಮುಖ್ಯಸ್ಥರು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ವಾಹನ ತಡೆಯಬಾರದು, ಕೀ ಕಿತ್ತುಕೊಳ್ಳಬಾರದು, ವೇಗವಾಗಿ ಹೋಗುವವರನ್ನು ಬೆನ್ನಟ್ಟದೆ ನಂಬರ್ ಗುರುತಿಸಿಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು ಎಂದು ಸೂಚನೆ ಕೊಟ್ಟರು. ಅತಿವೇಗದ ವಾಹನದ ಮುಂದೆ ಒಬ್ಬ ಕಾನ್‌ಸ್ಟೇಬಲ್ ಹಠಾತ್ತನೆ ಕೈಯೊಡ್ಡಿ ಓಡಿಬರುವುದು ಅವನಿಗೂ ಅಪಾಯ, ಚಾಲಕನಿಗೂ ಅಪಾಯ. ಈ ಸೂಚನೆ ಪ್ರತಿ ತಿರುವಿನಲ್ಲೂ ನಿಜವಾಗಿ ಪಾಲನೆಯಾದರೆ ಪೊಲೀಸರ ಮೇಲಿನ ಅರ್ಧದಷ್ಟು ಸಿಟ್ಟು ತಾನಾಗಿ ಇಳಿಯುತ್ತದೆ ಎಂಬುದು ನನ್ನ ನಂಬಿಕೆ.

ಆದ್ದರಿಂದ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಆಡಳಿತವನ್ನು ತಮ್ಮ ಪತ್ರಿಕೆಯ ಮೂಲಕ ಕೋರುವುದಿಷ್ಟು. ವೇಗ ಅಳೆಯುವ ಕಡೆಗಳಲ್ಲಿ ಮಿತಿಯ ಫಲಕವನ್ನೂ ‘ಮುಂದೆ ವೇಗ ತಪಾಸಣೆ ಇದೆ’ ಎಂಬ ಫಲಕವನ್ನೂ ಕನ್ನಡದಲ್ಲಿ, ಗಿಡಗಂಟಿ ಮರೆಮಾಡದಂತೆ ನಿಲ್ಲಿಸಬೇಕು. ಮರದ ಹಿಂದೆ ನಿಂತು ಹಿಡಿದರೆ ದಂಡ ಸಿಗುತ್ತದೆ, ವೇಗ ಇಳಿಯುವುದಿಲ್ಲ. ನಿಲ್ಲಿಸಿದ ಪ್ರತಿಯೊಬ್ಬನಿಗೂ, ಅವನು ಕೇಳದಿದ್ದರೂ, ಅಳತೆಯನ್ನು ತೋರಿಸುವುದು ಕಡ್ಡಾಯವಾಗಬೇಕು. ನನ್ನ ಅನುಭವದಲ್ಲಿ ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಡಿಸೆಂಬರ್ ಬಂತೆಂದರೆ ನಮ್ಮಲ್ಲಿ ಕಾಫಿ ಕೊಯ್ಲು ಆರಂಭವಾಗಿ, ಆಳುಗಳನ್ನು ತುಂಬಿಕೊಂಡ ಪಿಕಪ್‌ಗಳು ನಸುಕಿನಲ್ಲೇ ರಸ್ತೆಗಿಳಿಯುತ್ತವೆ, ಅದೇ ಹೊತ್ತಿಗೆ ವರ್ಷದ ಕೊನೆಯ ಪ್ರವಾಸಿಗರ ಕಾರುಗಳೂ ಬೇಲೂರು, ಸಕಲೇಶಪುರ, ಮೂಡಿಗೆರೆ ದಾರಿಗಳನ್ನು ತುಂಬುತ್ತವೆ. ಫಲಕಗಳನ್ನು ಅದಕ್ಕೆ ಮೊದಲೇ ಹಾಕಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ, ಹಾಸನ